ಲಾಗ್ ಪುಸ್ತಕದಲ್ಲಿ ನಾನು ಬರೆದ ಐದು-ಒಂಬತ್ತು

ದಾವಲಸಾಬನ ಧ್ವನಿ ಆ ದಿನ ನನಗೆ ಕೇಳಿಸಿರಲಿಲ್ಲ. ಕೇಳಿಸಿತು ಎಂದು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಪುಸ್ತಕದಲ್ಲಿ ಬರೆದು ಕೆಳಗೆ ಸಹಿಯನ್ನೂ ಹಾಕಿದೆ. ಆ ಒಂದು ಸುಳ್ಳಿನಿಂದ ಒಬ್ಬ ಹೆಣ್ಣುಮಗಳಿಗೆ ಸಹಾಯ ತಡವಾಗಿ ಮುಟ್ಟಿತು, ಒಬ್ಬ ಒಳ್ಳೆಯ ಮನುಷ್ಯ ತನ್ನ ಊರನ್ನೇ ಬಿಟ್ಟುಹೋದ. ನಾನು ಮಾತ್ರ — ದಿನಾ ಮುಂಡರಗಿಯ ನನ್ನ ಅಂಗಡಿಯ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಎಲ್ಲರಿಂದ "ಚನ್ನಣ್ಣಾರ, ಶರಣ್ರಿ" ಅನ್ನಿಸಿಕೊಳ್ಳುತ್ತ ಆರಾಮಾಗಿ ಇದ್ದೆ.

ಆರಾಮಾಗಿ ಇದ್ದೆ ಎನ್ನುವುದೂ ಪೂರ್ತಿ ಖರೆಯಲ್ಲ. ಆದರೆ ಅದನ್ನು ಬಿಡಿಸಿ ಹೇಳಲು ಹೋದರೆ ನಿಮ್ಮ ಕನಿಕರ ಬೇಡಿದಂತಾಗುತ್ತದೆ. ಬೇಡ.

ನನ್ನದು ವಿದ್ಯುತ್ ಸಾಮಾನಿನ ಅಂಗಡಿ. ಹುಚ್ಚು ಮಾತ್ರ ಹ್ಯಾಮ್ ರೇಡಿಯೋದ್ದು. ಪರೀಕ್ಷೆ ಬರೆದು, ಸರಕಾರದ ಪರವಾನಗಿ ಪಡೆದು, ಸ್ವಂತ ಸೆಟ್ಟಿನಿಂದ ಬೇರೆ ಬೇರೆ ಊರಿನವರ ಜೊತೆ ಮಾತನಾಡುವ ಹವ್ಯಾಸ ಅದು. ಫೋನು ಸತ್ತಾಗ, ಟವರಿಗೆ ಕರೆಂಟು ಹೋದಾಗ ಈ ಹವ್ಯಾಸವೇ ಕೆಲಸಕ್ಕೆ ಬರುತ್ತದೆ. ಅದಕ್ಕೆಂದೇ ನಾವು ಕೆಲವು ಗೆಳೆಯರು ಕೂಡಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ — ನಾಲ್ಕೂ ಕಡೆ ಆಂಟೆನಾ ನಿಲ್ಲಿಸಿದ್ದೆವು. ತುಂಗಭದ್ರೆ ಏರಿದಾಗ ಹೊಳೆಸಾಲಿನ ಸುದ್ದಿ ಮುಂಡರಗಿಯಲ್ಲಿದ್ದ ನನಗೆ ಬರಬೇಕು. ನಾನು ಅದನ್ನು ಗದಗಿಗೆ ಮುಟ್ಟಿಸಬೇಕು. ಅಲ್ಲಿಂದ ದೋಣಿ, ಡಾಕ್ಟರು ಹೊರಡಬೇಕು. ಇದು ಏರ್ಪಾಡು. ಹೊಳೆದಂಡೆಯ ಒಂದು ಊರು ಮಾತ್ರ ಉಳಿದಿತ್ತು. ಅದರ ಹೆಸರು ಬರೆಯುವುದಿಲ್ಲ, ಅಲ್ಲಿನವರು ಯಾರೂ ತಪ್ಪು ಮಾಡಿಲ್ಲ.

ಆ ಊರಲ್ಲಿ ದಾವಲಸಾಬನ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ನಲವತ್ತು ದಾಟಿದವನು, ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮ ಮಾತು ಕೇಳಿ ಪರೀಕ್ಷೆಗೆ ಕೂತ, ಎರಡನೇ ಸಲಕ್ಕೆ ಪಾಸಾದ. ಪರವಾನಗಿ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. "ನಮ್ಮ ಹೆಸರ ಗಾಳ್ಯಾಗ ಹೊಕ್ಕೈತಿ ಅಂದ್ರ ಸಣ್ಣ ಮಾತೇನ್ರಿ ಅಣ್ಣಾರ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆಂಟೆನಾದ ಕಂಬ ನಿಲ್ಲಿಸುವ ದಿನ ನಮ್ಮಿಬ್ಬರಲ್ಲಿ ಒಂದು ಮಾತಾಯಿತು. ಆ ಊರಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡದ ಕಡೆಯಿಂದ ಇಳಿದು ಬಂದ ಒಂದು ದಿಬ್ಬವಿದೆ. ನಮ್ಮ ಸೆಟ್ಟಿನ ಅಲೆ ನೆಟ್ಟಗೆ ಹೋಗುವಂಥದ್ದು, ದಿಬ್ಬ ಅಡ್ಡ ಬಂದರೆ ಮುಗಿಯಿತು. ನಾನು ಶಾಲೆಯ ಚಾವಣಿ ಆರಿಸಿದ್ದೆ. ಮೆಟ್ಟಿಲಿತ್ತು, ಕರೆಂಟಿತ್ತು, ಕೆಲಸ ಸಲೀಸು. ದಾವಲಸಾಬ ತಲೆ ಕೆರೆದುಕೊಂಡ.

"ನೀರಿನ ಟಾಕಿ ಮ್ಯಾಲೆ ಹಾಕಿದ್ರ ಚಲೋ ಇತ್ರಿ. ಅಲ್ಲಿ ನಿಂತ್ರ ದಿಬ್ಬದ ಆಚಿ ಕಡಿ ಕಾಣತೈತಿ. ಶಾಲಿ ಮ್ಯಾಲಿಂದ ಬರೇ ಕಲ್ಲ ಕಾಣತಾವ."

"ಲೇ, ನಾ ಇದನ್ನ ಮೂವತ್ತ ವರ್ಷದಿಂದ ಮಾಡಾಕತ್ತೀನಿ. ನೀ ಪಾಸಾಗಿ ಇನ್ನಾ ಮೂರ ತಿಂಗಳಾಗಿಲ್ಲ. ನನಗ ಕಲಸಾಕ ಬರತಿಯೇನು?"

ನೆರೆದವರೆಲ್ಲ ನಕ್ಕರು. ಅವನೂ ನಕ್ಕ. ಕಂಬ ಶಾಲೆಯ ಮೇಲೆಯೇ ಎದ್ದಿತು.

ಮುಂದಿನ ಭಾನುವಾರ ಸೆಟ್ಟಿನ ಪರೀಕ್ಷೆ. ಅಲ್ಲಿ ಶಾಲೆಯಂಗಳದಲ್ಲಿ ಊರಿಗೆ ಊರೇ ಸೇರಿತ್ತಂತೆ. ಸೆಟ್ಟಿಗೆ ಕಾಯಿ ಒಡೆದು, ಗಿರಮಿಟ್ಟು ಹಂಚಿದ್ದರಂತೆ. ನಾನು ಇಲ್ಲಿ ನನ್ನ ಮಾಳಿಗೆಯ ಕೋಣೆಯಲ್ಲಿ ಕೂತು ಕರೆದೆ. ನನ್ನ ಕಂಬ ಎತ್ತರ, ಸೆಟ್ಟು ದೊಡ್ಡದು. ನನ್ನ ಧ್ವನಿ ಹೇಗೋ ದಿಬ್ಬ ದಾಟಿ ಅವರಿಗೆ ಮುಟ್ಟಿತು. ಅವನ ಕೈಯಲ್ಲಿದ್ದದ್ದು ಸಣ್ಣ ಸೆಟ್ಟು. ಅವನ ಸರದಿ ಬಂದಾಗ ನನಗೆ ಕೇಳಿಸಿದ್ದು ಬರೀ ಕರಕರ. ಮಾತಿಲ್ಲ, ಹೆಸರಿಲ್ಲ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಅದೂ ಇಲ್ಲ.

ನಮ್ಮವರಲ್ಲಿ ಒಂದು ರೂಢಿಯಿದೆ. ಎದುರಿನವರ ಧ್ವನಿ ಹೇಗೆ ಬರುತ್ತಿದೆ ಎಂದು ಎರಡು ಅಂಕಿಯಲ್ಲಿ ಹೇಳುತ್ತೇವೆ — ಮೊದಲನೆಯದು ಮಾತು ಎಷ್ಟು ತಿಳಿಯುತ್ತದೆ ಎಂದು, ಎರಡನೆಯದು ಎಷ್ಟು ಜೋರಾಗಿದೆ ಎಂದು. ಐದು-ಒಂಬತ್ತು ಎಂದರೆ ಅದಕ್ಕಿಂತ ಮೇಲಿಲ್ಲ. ಆದರೆ ಬರಬರುತ್ತ ಅದು ನಮಸ್ಕಾರದ ಹಾಗೆ ಆಗಿಬಿಟ್ಟಿದೆ. ಯಾರು ಬಂದರೂ ಐದು-ಒಂಬತ್ತು. "ನಿಮ್ಮದು ಐದು-ಒಂಬತ್ತು ಐತ್ರಿ, ಹೆಸರ ಇನ್ನೊಮ್ಮೆ ಹೇಳ್ರಿ" ಎನ್ನುವ ಮಹಾಶಯರೂ ಇದ್ದಾರೆ! ನಾವೇ ಅದನ್ನು ಹೇಳಿಕೊಂಡು ನಗುತ್ತೇವೆ. ಹೊಸಬನಿಗಂತೂ ಕಡಿಮೆ ಅಂಕಿ ಕೊಡುವುದೆಂದರೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದ ಹಾಗೆ.

ಮಾತು ಆಚೆ ಹೋಗಬೇಕಾದರೆ ಸೆಟ್ಟಿನ ಗುಂಡಿಯನ್ನು ಒತ್ತಿ ಹಿಡಿಯಬೇಕು. ನಾನು ಆ ಗುಂಡಿ ಒತ್ತಿ ಹೇಳಿದೆ: "ದಾವಲಸಾಬ, ಭಾಳ ಚಲೋ ಬರಾಕತ್ತೈತಿ. ಐದು-ಒಂಬತ್ತು! ಶಾಬಾಸ್!"

ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. ಹಿಂದೆ ಸೀಟಿ, ಚಪ್ಪಾಳೆ. "ಅಣ್ಣಾರ, ನಮ್ಮಾಕಿ ಖುಷಿಗೆ ಅಳಾಕತ್ತಾಳ್ರಿ" ಎಂದ.

ರೂಢಿಗೆ ಹೇಳಿದೆ, ಅವನ ಮನಸ್ಸು ನೋಯಬಾರದೆಂದು ಹೇಳಿದೆ — ಬಹಳ ದಿನ ನನಗೆ ನಾನೇ ಹೀಗೆ ಹೇಳಿಕೊಂಡೆ. ಅದೂ ಸುಳ್ಳು. ಕೇಳಿಸುತ್ತಿಲ್ಲ ಎಂದಿದ್ದರೆ ಕಂಬ ಬಿಚ್ಚಬೇಕಿತ್ತು, ಟಾಕಿಯ ಮೇಲೆ ಹೊರಬೇಕಿತ್ತು, ನಕ್ಕಿದ್ದ ಅದೇ ಮಂದಿಯ ಮುಂದೆ ಅವನು ಹೇಳಿದ್ದೇ ಸರಿ ಎಂದು ಒಪ್ಪಬೇಕಿತ್ತು. ಮೋಟಾರು ಸುತ್ತುವವನ ಮುಂದೆ ನಾನು — ಛೇ, ಬರೆಯಲು ನಾಚಿಕೆಯಾಗುತ್ತದೆ, ಆದರೆ ಮನಸ್ಸಿನಲ್ಲಿದ್ದದ್ದು ಇದೇ. ಮುಂದಿನ ವಾರ ಸದ್ದಿಲ್ಲದೆ ಹೋಗಿ ಸರಿಮಾಡಿದರಾಯಿತು ಅಂದುಕೊಂಡೆ. ಮುಂದಿನ ವಾರ ಒಂದು ಲಗ್ನವಿತ್ತು. ಅದರ ಮುಂದಿನ ವಾರ... ಏನಿತ್ತೋ ನೆನಪಿಲ್ಲ. ನಡುವೆ ಎರಡು ಸಲ ಅವನೇ ಫೋನು ಮಾಡಿ, ಮತ್ತೊಮ್ಮೆ ಪರೀಕ್ಷೆ ಮಾಡೋಣವೇ ಎಂದು ಕೇಳಿದ. ಬ್ಯಾಟರಿ ಉಳಿಸು ಎಂದೆ. ಯಾರ ಜೊತೆ ಯಾವಾಗ ಮಾತಾಯಿತೆಂದು ದಾಖಲಿಸುವ ಲಾಗ್ ಪುಸ್ತಕದಲ್ಲಿ ಮಾತ್ರ ಭಾನುವಾರವೇ ಐದು-ಒಂಬತ್ತು ಎಂದು ಬರೆದಾಗಿತ್ತು.

ಆ ಮಳೆಗಾಲದಲ್ಲಿ ಹೊಳೆ ಏರಿತು. ರಸ್ತೆ ಮುಳುಗಿತು, ಟವರು ಸತ್ತಿತು. ಮುಂಜಾನೆಯಿಂದ ನಾನು ಸೆಟ್ಟಿನ ಮುಂದೆ ಕೂತಿದ್ದೆ. ಗದಗಿನ ಗೆಳೆಯರು ಮತ್ತೆ ಮತ್ತೆ ಕೇಳುತ್ತಿದ್ದರು: "ಹೊಳಿಸಾಲಿಂದ ಏನಾರ ಖಬರ ಐತೇನ್ರಿ?" ಅವರಲ್ಲಿ ಆಗ ಒಂದೇ ದೋಣಿ ಇತ್ತು, ಎಲ್ಲಿಗೆ ಕಳಿಸಬೇಕು ಎಂಬುದು ನನ್ನ ಮಾತಿನ ಮೇಲೆ ನಿಂತಿತ್ತು. ನಾನು ದಾವಲಸಾಬನನ್ನು ಕರೆದೆ, ಉತ್ತರವಿಲ್ಲ. ಏಕಿಲ್ಲ ಎಂದು ನನಗೆ ಮೊದಲ ಕರೆಯಿಂದಲೇ ಗೊತ್ತಿತ್ತು. ಆಗಲಾದರೂ ಹೇಳಬಹುದಿತ್ತು — ಆ ಕಂಬ ಕೆಲಸ ಮಾಡುವುದಿಲ್ಲ, ನಾನು ಸುಳ್ಳು ಬರೆದಿದ್ದೇನೆ, ಆ ಊರಿಗೆ ಮೊದಲು ದೋಣಿ ಕಳಿಸಿರಿ ಎಂದು. ನಾನು ಹೇಳಿದ್ದು ಇದು:

"ಅಲ್ಲಿ ಎಲ್ಲಾ ಆರಾಮ ಇರಬೇಕ್ರಿ. ತ್ರಾಸ ಇದ್ದಿದ್ರ ಅಂವಾ ಕರೀತಿದ್ದ."

ದೋಣಿ ಬೇರೆ ಊರಿಗೆ ಹೋಯಿತು.

ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಯಲ್ಲಪ್ಪನ ಹೆಂಡತಿ ನೀಲವ್ವ, ನೀರು ಬರುವ ಮೊದಲು ಮೇವು ಸರಿಸಲು ಹಿತ್ತಲಿಗೆ ಹೋಗಿದ್ದಳು. ಬಣವೆಯಲ್ಲಿ ಸೇರಿಕೊಂಡಿದ್ದ ಹಾವು ಕಚ್ಚಿತು. ಅವಳನ್ನು ಶಾಲೆಗೆ ಹೊತ್ತು ತಂದರು. ದಾವಲಸಾಬ ಸೆಟ್ಟು ಹಿಡಿದು ಕರೆದ, ಕರೆಯುತ್ತಲೇ ಇದ್ದ. ಅವನ ಮಾತು ನನಗೆ ಬರುತ್ತಿರಲಿಲ್ಲ, ನನ್ನ ಮಾತು ಅವರಿಗೆ ಹೋಗುತ್ತಿತ್ತು. ಸುತ್ತ ನಿಂತವರೆಲ್ಲ ಸೆಟ್ಟಿನೊಳಗಿಂದ ನನ್ನ ಧ್ವನಿ ಕೇಳಿದರು: "ದಾವಲಸಾಬ, ಎಲ್ಲಿ ಹೋಗೀಯೋ? ಗುಂಡಿ ಒತ್ತಿ ಮಾತಾಡಲೇ! ಮರತಿಯೇನು?" ಅಯ್ಯೋ ಶಿವನೇ, ಆ ಮಾತು ನಾನು ಗದಗಿನವರು ಕೇಳಲೆಂದು ಆಡಿದ್ದು. ಊರವರು ಅವನತ್ತ ನೋಡಿದರಂತೆ. ಯಲ್ಲಪ್ಪ ಅವನ ಅಂಗಿ ಹಿಡಿದು ಜಗ್ಗಿದನಂತೆ. ಕೊನೆಗೆ ಇಬ್ಬರು ದಿಬ್ಬ ಹತ್ತಿ ಇಳಿದು, ಫೋನು ಸಿಗುವಲ್ಲಿಗೆ ನಡೆದು ಬಂದರು. ದೋಣಿ ಮುಟ್ಟುವಷ್ಟರಲ್ಲಿ ನೀಲವ್ವ ತೀರಿಕೊಂಡಿದ್ದಳು.

ಜಲ್ದಿ ಹೋಗಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಆ ಗೊತ್ತಿಲ್ಲದ್ದರ ಹಿಂದೆ ಅಡಗಿಕೊಳ್ಳುವ ಹಕ್ಕು ನನಗಿಲ್ಲ.

ನೀರು ಇಳಿದ ಮೇಲೆ ಶಾಲೆಯಂಗಳದಲ್ಲಿ ಊರವರು ನಮ್ಮನ್ನು ಕರೆಸಿ ಕೇಳಿದರು. ನಾನು ಲಾಗ್ ಪುಸ್ತಕ ತೆಗೆದು ತೋರಿಸಿದೆ. "ಸೆಟ್ ಸರಿ ಇತ್ತು, ಕಂಬ ಸರಿ ಇತ್ತು. ಬರದಿಟ್ಟೀನಿ ನೋಡ್ರಿ" ಎಂದೆ. ಅಷ್ಟೇ ಸಾಕಾಯಿತು. ಉಳಿದದ್ದನ್ನು ಅವರೇ ಅರ್ಥಮಾಡಿಕೊಂಡರು.

ವಾರದ ಮೇಲೆ ದಾವಲಸಾಬ ಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ಕುಂಡ್ರು ಎಂದರೂ ಕೂರಲಿಲ್ಲ.

"ಅಣ್ಣಾರ, ನಾ ಗುಂಡಿ ಒತ್ತಿ ಹಿಡದಿದ್ನಿರಿ. ಹೆಬ್ಬಟ್ಟ ಜೋಮ ಹಿಡದಿತ್ತು. ನಾ ಎಲ್ಲಿ ತಪ್ಪೀನಿ, ಒಂದ ಸಲ ಹೇಳ್ರಿ. ಹೇಳಿದ್ರ ಕಲೀತೀನಿ."

ಗಿರಾಕಿ ಯಾರೂ ಇರಲಿಲ್ಲ. ನಾವಿಬ್ಬರೇ. ಇದಕ್ಕಿಂತ ಸಲೀಸಾಗಿ ಖರೆ ಹೇಳುವ ಗಳಿಗೆ ಯಾವ ಪಾಪಿಗೂ ಸಿಕ್ಕಿರಲಿಕ್ಕಿಲ್ಲ. ನಾನು ಅವನ ಬೆನ್ನು ತಟ್ಟಿದೆ.

"ಗಡಿಬಿಡಿಯೊಳಗ ಹಂಗ ಆಕ್ಕೈತಿ ಬಿಡು ದಾವಲಸಾಬ. ಇದು ಎಲ್ಲಾರ್ಗೂ ಬರೂದಿಲ್ಲ."

ಅವನು ತಲೆ ಆಡಿಸಿದ. ಸೆಟ್ಟು ಮೇಜಿನ ಮೇಲಿಟ್ಟು, ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಹೋದ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಂಡುವುದು ಈ ಬೆನ್ನು ತಟ್ಟಿದ್ದು. ಆಮೇಲೆ ಊರಲ್ಲಿ ಅವನ ಅಂಗಡಿಗೆ ಮೋಟಾರು ಬರುವುದು ನಿಂತಿತು. ಗುಂಡಿ ಒತ್ತಲು ಬರದವನು ಮೋಟಾರು ಏನು ಸುತ್ತುತ್ತಾನೆ ಎಂದರು. ಅವನು ಹೆಂಡತಿಯನ್ನು ಕರೆದುಕೊಂಡು ಬೆಟಗೇರಿಗೆ ಹೋಗಿ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಹೀಗೆ ಕೆಲವು ವರ್ಷ ಕಳೆದವು. ಈ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಬಳಗದವರು ಆಂಟೆನಾಗಳನ್ನೆಲ್ಲ ಹೊಸದಾಗಿ ನೋಡಿಕೊಂಡು ಬಂದರು. ಹೊಳೆದಂಡೆಯ ಆ ಊರಿಗೆ ಹೋದವರು ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಪಾಠ ಹೇಳುವ ವಿದ್ಯಾ ಎಂಬ ಹೆಣ್ಣುಮಗಳು. ತಿರುಗಿ ನನ್ನ ಅಂಗಡಿಗೆ ಬಂದವರೇ ಹಳೆಯ ಲಾಗ್ ಪುಸ್ತಕ ತೆರೆದು ಕೂತರು.

"ಸರ್, ಶಾಲಿ ಮ್ಯಾಲಿಂದ ಎಷ್ಟ ಕರದ್ರೂ ನಮ್ಮ ಮಾತು ಮುಂಡರಗಿಗೆ ಮುಟ್ಟಲಿಲ್ರಿ. ಟಾಕಿ ಮ್ಯಾಲಿಂದ ಸ್ವಚ್ಛ ಮುಟ್ಟಿತು. ನೀವು ಇಲ್ಲಿ ಶಾಲಿದಕ್ಕ ಐದು-ಒಂಬತ್ತು ಅಂತ ಬರದೀರಲ್ರಿ, ಅದು ಹೆಂಗ?"

"ಆವಾಗ ಹವಾ ಬ್ಯಾರೆ ಇತ್ತವ್ವಾ" ಎಂದೆ.

ಆಕೆ ನಂಬಿದರೋ ಬಿಟ್ಟರೋ, ನಾನಂತೂ ನನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದ ಮಾತು ಕೇಳಿ ಹೆದರಿಹೋದೆ. ಇನ್ನು ಸಾಯುವವರೆಗೂ ಹೀಗೇ ಹೇಳಿಕೊಂಡು ಹೋಗಬಲ್ಲೆ ಎನ್ನಿಸಿತು. ಮರುದಿನ ಬೆಳಿಗ್ಗೆ ಬೆಟಗೇರಿಗೆ ಹೋದೆ.

ದಾವಲಸಾಬನ ಗಡ್ಡ ಬೆಳ್ಳಗಾಗಿದೆ. ಮೋಟಾರಿನ ಹೊಟ್ಟೆಯಲ್ಲಿ ತಂತಿ ಕೂರಿಸುತ್ತಿದ್ದವನು ಕೈ ನಿಲ್ಲಿಸದೆ ನನ್ನ ಮಾತೆಲ್ಲ ಕೇಳಿದ. ನಾನು ಮುಗಿಸಿದ ಮೇಲೂ ಹಿಡಿದ ತಂತಿಯನ್ನು ಕೊನೆಯವರೆಗೆ ಕೂರಿಸಿದ. ಬೈಯಲಿ, ಹೊಡೆಯಲಿ ಎಂದು ಕಾದೆ.

"ನನಗ ಯಾಕ ಹೇಳತೀರಿ? ನಾ ಗುಂಡಿ ಒತ್ತಿದ್ದು ನನಗ ಗೊತ್ತೈತಿ. ಯಲ್ಲಪ್ಪಗ ಗೊತ್ತಿಲ್ಲ. ಅವಗ ಹೇಳ್ರಿ."

"ನೀನೂ ಬಾ, ನಿನ್ನ ಮುಂದ ಹೇಳತೀನಿ" ಎಂದೆ.

"ನಾ ಬರೂದಿಲ್ಲ. ನಾ ಜೋಡಿ ಬಂದ್ರ, ನಾನ ಹೇಳಿ ಕರಕೊಂಡ ಬಂದೀನಿ ಅಂತಾರ."

ಅಷ್ಟು ಹೇಳಿ ತಂತಿಯತ್ತ ತಿರುಗಿದ. ನಾನು ಅಲ್ಲಿಂದಲೇ ಬಸ್ಸು ಹಿಡಿದು ಆ ಊರಿಗೆ ಹೋದೆ. ಯಲ್ಲಪ್ಪ ಮನೆಯ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದ. ನೆರೆಹೊರೆಯವರನ್ನೂ ಕರೆಯಲು ಹೇಳಿದೆ. ನಿಂತುಕೊಂಡೇ ಹೇಳಿದೆ — ಕಂಬದ್ದು, ಪುಸ್ತಕದ್ದು, ದೋಣಿ ಬೇರೆ ಕಡೆ ಕಳಿಸಿದ್ದು, ಎಲ್ಲವನ್ನೂ. ಒಬ್ಬ ಮುದುಕಿ ನನ್ನ ಮುಖಕ್ಕೆ ಉಗುಳಿದಂತೆ ನೆಲಕ್ಕೆ ಉಗುಳಿ ಒಳಗೆ ಹೋದಳು. ಯಲ್ಲಪ್ಪ ಅಳಲಿಲ್ಲ.

"ಎಲ್ಲಾರ ಮುಂದ ಅವನ ಅಂಗಿ ಹರದಿದ್ನಿರಿ ನಾನು" ಎಂದ. ಆಮೇಲೆ, "ಅಂವಾ ಈಗ ಎಲ್ಲಿ ಇರತಾನ?"

ಬೆಟಗೇರಿ ಎಂದೆ. ಮೊರದಲ್ಲಿದ್ದ ಶೇಂಗಾ ಹಾಗೇ ಬಿಟ್ಟು ಎದ್ದ, ಕಾಲು ತೊಳೆದುಕೊಂಡ, ತೊಳೆದ ಅಂಗಿ ಹಾಕಿಕೊಂಡ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವನು ಗದಗಿನವರೆಗೆ ಕಂಬಿ ಹಿಡಿದು ನಿಂತೇ ಬಂದ. ಅಂಗಡಿ ತೋರಿಸಿದಾಗ ಕೈ ಅಡ್ಡ ಮಾಡಿ, "ನೀವ ಇಲ್ಲೇ ನಿಂದರ್ರಿ" ಎಂದ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ದಾವಲಸಾಬ ತಲೆ ಎತ್ತಿ ನೋಡಿ ತಂತಿ ಕೆಳಗಿಟ್ಟ. ಯಲ್ಲಪ್ಪ ಅವನ ಎರಡೂ ಕೈ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತ. ನಾನು ಬಿಸಿಲಲ್ಲಿ ರಸ್ತೆಯ ಈಚೆ ನಿಂತಿದ್ದೆ. ಬಹಳ ಹೊತ್ತಾಯಿತು. ಒಳಗೆ ಮೂರನೆಯವನಿಗೆ ಕೂರಲು ಜಾಗವಿತ್ತು, ಆದರೆ ಯಾರೂ ನನ್ನನ್ನು ಕರೆಯಲಿಲ್ಲ, ಕರೆದಿದ್ದರೆ ಹೋಗುವ ಮುಖವೂ ನನಗಿರಲಿಲ್ಲ.