ಗಾಳಿ ಬೇಕಾದ ಪತಾಕೆ

ಬುವಾಚುಮ್ ದೊಡ್ಡಮ್ಮ ಬೌದ್ಧ ವಿಹಾರಕ್ಕೆ ಹೊರಡುವ ಮುನ್ನ ಮೆಟ್ಟಿಲ ಮೇಲೆ ನಿಂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು. ನಾನ್ ಎಂಬ ನದಿಯ ದಂಡೆಯ ನಮ್ಮ ಪಟ್ಟಣದಲ್ಲಿ ಅವರದು ನಮ್ಮ ಪಕ್ಕದ ಮನೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅಂಟಕ್ಕಿ ಅನ್ನದ ಬುಟ್ಟಿ ಹಿಡಿದು ಅವರ ಹಿಂದೆ ಹೋಗುವುದು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದ ಮೇಲೂ ತಪ್ಪಲಿಲ್ಲ.

ಗಾಳಿಯ ಚಿಂತೆ ಗಂಡನಿಗಾಗಿ. ದೋಣಿ ಪಂದ್ಯದಲ್ಲಿ ಹಿಂತುದಿಯ ಹುಟ್ಟು ಹಾಕುತ್ತಿದ್ದ ಅವರು, ಹೆಸರು ಇಂತಾ, ಪ್ರವಾಹದ ವರ್ಷ ನದಿಯ ಪಾಲಾಗಿದ್ದರು. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಉದ್ದನೆಯ ಪತಾಕೆ ನೇಯ್ದು ವಿಹಾರಕ್ಕೆ ಕೊಡುತ್ತಾರೆ. ಅದು ಗಾಳಿಗೆ ಆಡಿದಾಗಲೆಲ್ಲ ಅವರು ಅದರ ಬಾಲ ಹಿಡಿದು ಸ್ವರ್ಗದತ್ತ ಹತ್ತುತ್ತಾರೆ. ದೊಡ್ಡಮ್ಮ ಮದುವೆಯಲ್ಲಿ ಉಟ್ಟಿದ್ದ ಬಟ್ಟೆಯ ಅಂಚು ಬಿಚ್ಚಿ, ಆ ಕೆಂಪು ನೂಲಿನಲ್ಲಿ ಪತಾಕೆಯ ಬಾಲಕ್ಕೊಂದು ದೋಣಿ ನೇಯ್ದಿದ್ದರು.

ಎಷ್ಟೋ ವರ್ಷದ ಮೇಲೆ ವಿಹಾರದ ಹಿರಿಯ ಗುರುಗಳು ಹಳೆಯ ಪ್ರವಚನದ ಕೋಣೆಯನ್ನು ಮ್ಯೂಸಿಯಂ ಮಾಡಿದರು. ಭಿಕ್ಷಾಪಾತ್ರೆಗಳು, ಒಡೆದ ನಗಾರಿ, ತಾಳೆಗರಿಯ ಪೆಟ್ಟಿಗೆಗಳು. ನಡುವೆ, ಗಾಜಿನ ಬೀರುವಿನಲ್ಲಿ, ದೊಡ್ಡಮ್ಮನ ಪತಾಕೆ. ಬೀದಿಯವರೆಲ್ಲ ಅಭಿನಂದಿಸಿದರು. ದೊಡ್ಡಮ್ಮ ಮಾತ್ರ ಅದರ ಮುಂದೆ ಬಹಳ ಹೊತ್ತು ನಿಂತರು. ಬಾಲ ನೆಟ್ಟಗೆ ಇಳಿಬಿದ್ದಿತ್ತು. ಅಂದು ಮನೆಗೆ ಬಂದು ಅವರು ಊಟ ಮಾಡಲಿಲ್ಲ.

ಮುಂದಿನ ಹುಣ್ಣಿಮೆಗೆ, ಪತಾಕೆಯನ್ನು ಹೊರಗೆ ಗಾಳಿಗೆ ಕಟ್ಟಬಹುದೇ ಎಂದು ಗುರುಗಳನ್ನೇ ಕೇಳಿದರು. ಹೊರಗೆ ಬಿಟ್ಟರೆ ಹುಳ ತಿನ್ನುತ್ತದೆ, ಬಿಸಿಲಿಗೆ ನೂಲು ಪುಡಿಯಾಗುತ್ತದೆ ಎಂದು ಗುರುಗಳು ತಾಳ್ಮೆಯಿಂದ ವಿವರಿಸಿದರು. ಅವರು ಹೇಳಿದ್ದು ಸರಿಯೇ ಇತ್ತು.

"ನಮ್ಮನೆಯೋರು ಹುಣಿಸೇಮರ ಹತ್ತೋಕೂ ಏಣಿ ಕೇಳ್ತಿದ್ರು, ಗುರುಗಳೇ. ಗಾಳಿ ತಳ್ಳದೇ ಇದ್ರೆ ಸ್ವರ್ಗಕ್ಕೆ ಎಲ್ಲಿಂದ ಹತ್ತಾರು?"

ಗುರುಗಳು ನಗಲಿಲ್ಲ. ಬೀರುವಿನೊಳಗೆ ಸಣ್ಣದೊಂದು ಫ್ಯಾನ್ ಇಡಿಸೋಣವೇ ಎಂದು ನಿಜವಾಗಿಯೂ ಯೋಚಿಸಿ ಕೇಳಿದರು.

"ಕರೆಂಟ್ ಹೋದ್ರೆ? ಅಷ್ಟೊತ್ತೂ ಅವರು ಅರ್ಧದಲ್ಲೇ ನೇತಾಡ್ತಿರ್ಬೇಕಾ?"

ಕೊನೆಗೆ ಗುರುಗಳು, "ಹರಿದುಹೋದ್ರೆ ಅಮ್ಮಾ?" ಎಂದರು.

"ಹರೀಲಿ. ಇಟ್ಕೊಳ್ಳೋಕಲ್ಲ, ಹತ್ತೋಕೆ ನೇಯ್ದಿದ್ದು."

ಸೋಂಕ್ರಾನ್ ಹೊಸ ವರ್ಷದ ದಿನ ಗುರುಗಳು ಬೀರು ತೆಗೆದು, ಪತಾಕೆಯನ್ನು ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿಟ್ಟು ಹಿಂದೆ ಸರಿದರು. ಭಿಕ್ಷುಗಳು ಹೆಂಗಸರ ಕೈಗೆ ನೇರವಾಗಿ ಏನನ್ನೂ ಕೊಡುವಂತಿಲ್ಲ. ದೊಡ್ಡಮ್ಮ ಅದನ್ನು ಎತ್ತಿಕೊಂಡರು. ಅಂಗಳದಲ್ಲಿ ಹಬ್ಬಕ್ಕೆಂದು ಕಟ್ಟಿದ್ದ ಮರಳಿನ ಚೈತ್ಯದ ಪಕ್ಕ ನಾನು ಬಿದಿರು ನೆಟ್ಟು ಪತಾಕೆ ಕಟ್ಟಿದೆ. ಮಧ್ಯಾಹ್ನದವರೆಗೆ ಎಲೆಯೂ ಅಲ್ಲಾಡಲಿಲ್ಲ. ದೊಡ್ಡಮ್ಮ ನೆರಳಿಗೂ ಬಾರದೆ ಕೂತಿದ್ದರು. ಆಮೇಲೆ ನದಿಯ ಕಡೆಯಿಂದ ಗಾಳಿ ಬಂತು. ಕೆಂಪು ದೋಣಿ ಏಳತೊಡಗಿತು. ಅಂದು ಸಂಜೆ ಅವರು ಎರಡು ಸಲ ಅನ್ನ ಬಡಿಸಿಕೊಂಡು, "ಅರ್ಧ ದಾರಿ ಆಗಿರುತ್ತೆ. ಸೋಮಾರಿ. ಉಳಿದದ್ದು ಬರೋ ವರ್ಷ," ಎಂದರು.

ಹಾಗೆ ಪ್ರತಿ ಹೊಸ ವರ್ಷಕ್ಕೂ ನಡೆಯಿತು; ಹಬ್ಬ ಮುಗಿದ ಮೇಲೆ ಪತಾಕೆ ಮತ್ತೆ ಬೀರು ಸೇರುತ್ತಿತ್ತು. ಪ್ರತಿ ಸಲವೂ ಪತಾಕೆ ಒಂದಿಷ್ಟು ಸವೆಯಿತು. ಬಿದ್ದ ಎಳೆಗಳನ್ನು ದೊಡ್ಡಮ್ಮ ಆರಿಸಿ ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡಾಗ ಬೀರುವಿನಲ್ಲಿ ಉಳಿದಿದ್ದುದು ದೋಣಿ ಮಾತ್ರ.

ಅವರ ಹೆಸರಿನ ಪತಾಕೆಯನ್ನು ಬೀದಿಯವರೆಲ್ಲ ಸೇರಿ ನೇಯ್ದೆವು. ನನ್ನ ಪಾಲಿನ ಪಟ್ಟಿ ಸೊಟ್ಟಗೆ ಬಂತು, ಉಳಿದವರದೂ ಅಷ್ಟಕ್ಕಷ್ಟೆ. ಮ್ಯೂಸಿಯಂಗೆಂದು ಅದನ್ನು ಯಾರೂ ಕೇಳಲಿಲ್ಲ. ನದಿಯ ಕಡೆಯ ಕಂಬದಲ್ಲಿ ಅದು ವರ್ಷವಿಡೀ ಆಡುತ್ತಿರುತ್ತದೆ.