ಪಿನ್ನಿಗೆ ಕಟ್ಟಿದ ಹಾರ

ಮತ್ತಿಕೆರೆಯ ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಹದಿನೈದು ಮಶೀನು, ಒಂದೇ ಬಾಗಿಲು. ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಅರ್ಧ ದಿನದ ತರಬೇತಿಗೆ ಓನರ್ ನನ್ನನ್ನೇ ಕಳಿಸಿದ್ದರು. ಬೆಂಕಿ ಆರಿಸೋ ಸಿಲಿಂಡರಿನ ಪಿನ್ ಎಳೆ, ಹಿಡಿಕೆ ಒತ್ತು, ಬೆಂಕಿಯ ಬುಡಕ್ಕೆ ಹೊಡಿ. ಬಂದವಳೇ ಎಲ್ಲರಿಗೂ ಪಾಠ ಮಾಡಿದ್ದೆ, ಜಂಬದ ಕೋಳಿ.

ಆಯುಧಪೂಜೆ ಬಂತು. ಮಶೀನು, ಕತ್ತರಿ, ಇಸ್ತ್ರಿಪೆಟ್ಟಿಗೆಗೆಲ್ಲ ಹೂವು. ನಮ್ಮನ್ನು ಕಾಯುವ ಬೆಂಕಿ ಆರಿಸೋ ಸಿಲಿಂಡರ್ ಏನು ಪಾಪ ಮಾಡಿದೆ ಅಂದುಕೊಂಡು ಅದಕ್ಕೂ ಕುಂಕುಮ ಇಟ್ಟೆ. ಸೇವಂತಿಗೆ ಹಾರ ಜಾರುತ್ತಿತ್ತು. ಮಶೀನ್ ದಾರವನ್ನು ಪಿನ್ನಿನ ಉಂಗುರದೊಳಗೆ ತೂರಿಸಿ, ಹಿಡಿಕೆಗೆ ನಾಲ್ಕು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದೆ. ಫೋಟೋನೂ ತೆಗೆದುಕೊಂಡೆ.

ನಾಲ್ಕನೇ ದಿನ, ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವಷ್ಟೆ, ಸ್ವಿಚ್ ಬೋರ್ಡ್ ಚಟಪಟ ಅಂತು. ಕೆಳಗಿದ್ದ ಚಿಂದಿ ರಾಶಿ ಹೊತ್ತಿಕೊಂಡಿತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಇಸ್ತ್ರಿ ಮಾಡುವ ಗದಗ ಕಡೆಯ ಅಕ್ಕ ಮಾತ್ರ ಹಿಂದಿನ ಮೂಲೆಯಲ್ಲಿ, ಬೆಂಕಿಯ ಆಚೆ ಸಿಕ್ಕಿಬಿದ್ದರು.

"ಲಗೂನ ಹೊಡಿ ತಂಗಿ, ಹೊಗಿ ತುಂಬಾಕತ್ತೈತಿ!"

ಸಿಲಿಂಡರ್ ಎತ್ತಿಕೊಂಡು ಪಿನ್ ಎಳೆದೆ. ಬರಲಿಲ್ಲ. ಹೂವು ಒಣಗಿತ್ತು, ದಾರ ಗಟ್ಟಿಯಾಗೇ ಇತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಅಕ್ಕನ ಕೆಮ್ಮು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಪಕ್ಕದ ಮಶೀನಿನ ಮೇಲೇ ಕತ್ತರಿ ಇದೆ ಅನ್ನುವುದು ನೆನಪಾಗಲು ಎಷ್ಟು ಹೊತ್ತಾಯಿತೋ ಇವತ್ತಿಗೂ ಗೊತ್ತಿಲ್ಲ. ದಾರ ಕತ್ತರಿಸಿ ಹೊಡೆದೆ.

ಅಕ್ಕ ಬದುಕಿದರು. ಆದರೆ ಉರಿಯುವ ಬಟ್ಟೆ ತಳ್ಳಲು ಹೋದ ಬಲಗೈ ಸುಟ್ಟು ಮೂರು ಬೆರಳು ಮಡಚದಂತಾದವು.

"ಈಯಮ್ಮ ಇಲ್ದಿದ್ರೆ ಕಥೆ ಮುಗೀತಿತ್ತು ಕಣ್ರೀ," ಅಂದರು ಓನರ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕತ್ತರಿಸಿದ ದಾರ ಸಿಲಿಂಡರಿನಿಂದ ಚಿಮ್ಮಿದ ಬಿಳಿ ಪೌಡರಿನಡಿ ಮುಚ್ಚಿಹೋಗಿತ್ತು. ನಾನು ಬಾಯಿ ಬಿಡಲಿಲ್ಲ. ನಾಚಿಕೆಗೇಡಿ ನಾನು, ಅವರು ಕೊಟ್ಟ ಹೂಗುಚ್ಛವನ್ನೂ ಇಸಿದುಕೊಂಡೆ.

ಮರುವರ್ಷ ಆಯುಧಪೂಜೆಗೆ ಅಕ್ಕ ತಾವೇ ಹಾರ ತಂದು ಸೀದಾ ಸಿಲಿಂಡರಿನ ಹತ್ತಿರ ಹೋದರು.

"ಇದಕ್ಕ ಮೊದಲ ಪೂಜಿ. ನನ್ನ ಜೀವಾ ಉಳಿಸೇತಿ," ಅನ್ನುತ್ತ ಹಾರವನ್ನು ಹಿಡಿಕೆಗೆ ಸುತ್ತತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಬೇಡ ಅಕ್ಕಾ. ಹೋದ್ ವರ್ಷ ಪಿನ್‌ಗೆ ದಾರ ಕಟ್ಟಿದ್ದು ನಾನೇ. ಅದಕ್ಕೇ ತಡ ಆಗಿದ್ದು. ನಿಮ್ ಕೈ ಹೋಗಿದ್ದು ನನ್ನಿಂದ."

ಮಶೀನುಗಳು ನಿಂತಿದ್ದವು, ಎಲ್ಲರಿಗೂ ಕೇಳಿಸಿತು. ಅಕ್ಕ ನನ್ನ ಮುಖ ನೋಡಲಿಲ್ಲ. ಹಾರ ಬಿಚ್ಚಿಕೊಂಡು ನೆಲದ ಮೇಲೆ ಕೂತರು. ಮಡಚದ ಬೆರಳುಗಳಲ್ಲಿ ಒಂದೊಂದೇ ಹೂವನ್ನು ಬಿಡಿಸಿ ಸಿಲಿಂಡರಿನ ಬುಡದಲ್ಲಿಟ್ಟರು. ಕೊನೆಗೆ ಬರೀ ದಾರ ಉಳಿಯಿತು. ಅದನ್ನು ನನ್ನ ಕೈಗೆ ಕೊಟ್ಟರು.