ಒಂದು ತೂತೂ ಬೇಡ

ಚನ್ನರಾಯಪಟ್ಟಣದ ಬಿ.ಎಂ. ರಸ್ತೆಯಲ್ಲಿ, ಲಾರಿಗಳು ಟೀಗೆಂದು ನಿಲ್ಲುವ ಕಡೆ, ‘ಬಸವರಾಜು ಕುಶನ್ ವರ್ಕ್ಸ್’ ಎಂಬ ಬೋರ್ಡಿತ್ತು. ಅದು ಹೇಳುತ್ತಿದ್ದುದು ಅರ್ಧ ಸತ್ಯ. ಬಸವರಾಜು ಅಂಗಡಿ ಮುಂದೆ ನಿಂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದ, ಗಾಡಿಗೆ ಸೀಟು ಕೂರಿಸುತ್ತಿದ್ದ, ಟಾರ್ಪಾಲು ಬಿಗಿಯುತ್ತಿದ್ದ. ಹೊಲಿಗೆಯಷ್ಟೂ ಪರದೆಯ ಹಿಂದೆ ಕೂತ ಅವನ ಹೆಂಡತಿ ದಾಕ್ಷಾಯಣಮ್ಮನದು. “ಏನ್ ಕೈ ಬಸವರಾಜಣ್ಣ ನಿಂದು!” ಎಂದು ಡ್ರೈವರುಗಳು ಹೊಗಳಿದಾಗ ಒಳಗೆ ಮಿಷನ್ನು ಒಂದು ಗಳಿಗೆ ನಿಲ್ಲುತ್ತಿತ್ತು. ಬಸವರಾಜು ಮೀಸೆ ತಿರುವುತ್ತಿದ್ದ. ಮಿಷನ್ನು ಮತ್ತೆ ಓಡುತ್ತಿತ್ತು. ಹದಿಮೂರು ವರ್ಷ ಹೀಗೇ ನಡೆದಿತ್ತು.

ಅವಳು ಹಳ್ಳಿಮೈಸೂರಿನ ಹೆಣ್ಣು. ತಾಯಿ ನಂಜಮ್ಮ ಸುತ್ತಲಿನ ಊರಿಗೆಲ್ಲ ಲಂಗ ಹೊಲಿದುಕೊಟ್ಟು ಮನೆ ನಡೆಸಿದವಳು. ತೊಂಬತ್ತೆರಡರಲ್ಲಿ ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ, “ಇವಳ್ ಬಾಯಿ ಜೋರು” ಎಂದು ತೀರ್ಪು ಕೊಟ್ಟಿದ್ದಳು. ಜೋರೇ ಹೌದು. ಕೈ ಜೋರಿರುವವರ ಬಾಯಿ ಮಾತ್ರ ಯಾಕೆ ಮೆತ್ತಗಿರಬೇಕು?

ಅವಳಿಗೆ ಕಂಡರಾಗದ್ದು ತೂತು. ಗಂಡ ಏನು ಬಿಗಿಯಬೇಕಾದರೂ ಮೊದಲು ಡ್ರಿಲ್ಲಿಗೆ ಕೈ ಹಾಕುತ್ತಿದ್ದ. ಒಮ್ಮೆ ಅವಳು ಹೊಲಿದ ಟಾರ್ಪಾಲು ಬಿಗಿಯಲು ಒಂದು ಸ್ಕೂಲ್ ವ್ಯಾನಿನ ತಲೆಗೆ ಹೀಗೇ ಹನ್ನೆರಡು ಸ್ಕ್ರೂ ಹೊಡೆದ. ಮಳೆಗಾಲದಲ್ಲಿ ನೀರಿಳಿದು ಮಕ್ಕಳ ಪುಸ್ತಕ ನೆಂದವು. ಮರುವರ್ಷ ತಗಡೇ ತುಕ್ಕು ತಿಂದು ಉದುರಿತು. ಹೊಲಿಗೆ ಮಾತ್ರ ಒಂದೆಳೆ ಬಿಟ್ಟಿರಲಿಲ್ಲ. ಆದರೂ ವ್ಯಾನಿನವನು ಬಂದು ಬೈದದ್ದು ಇಬ್ಬರಿಗೂ ಸೇರಿಸಿ. ಹೊಗಳಿಕೆ ಒಬ್ಬನಿಗೆ, ಬೈಗುಳ ಇಬ್ಬರಿಗೆ. ಇದ್ಯಾವ ನ್ಯಾಯ?

“ಬೋರ್ಡಲ್ಲಿ ನನ್ನೆಸ್ರೂ ಬರೆಸಿ” ಎಂದು ಅವಳು ಕೇಳುವುದು, ಅವನು ನಗುವುದು, ಮನೆಯ ವಾಡಿಕೆಯಾಗಿಹೋಗಿತ್ತು.

“ಒಲಿಯೋದು ಯಾರ್ ಬೇಕಾದ್ರೂ ಒಲೀತಾರೆ. ಗಾಡಿಗ್ ಕೂರ್ಸೋದು ಕೆಲ್ಸ ಕಣೆ. ಒಂದ್ ಗಾಡಿಗೆ ನೀನೇ ಕೂರ್ಸು, ಅವತ್ತೇ ಬರೆಸ್ತೀನಿ.”

ಎರಡು ಸಾವಿರದ ಐದರ ಕೊನೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಎರಡು ತಿಂಗಳಿತ್ತು. ಹಾಸನದ ನಿವೃತ್ತ ಎಂಜಿನಿಯರು ಗಿರಿಧರರಾಯರು ಜೀಪಿನ ಹಿಂದೆ ಕಟ್ಟಿ ಒಂದು ಬಿಳೀ ಮನೆಯನ್ನೇ ಎಳೆದುಕೊಂಡು ಬಂದರು. ಕ್ಯಾರವಾನ್ ಅಂತೆ. ಯಾರೋ ಪರದೇಶದವರು ಬಿಟ್ಟುಹೋದದ್ದನ್ನು ಹರಾಜಿನಲ್ಲಿ ಹಿಡಿದಿದ್ದರು. ರಾಯರ ಹೆಂಡತಿ ಸರಸಮ್ಮನಿಗೆ ಮಂಡಿನೋವು, ಲಾಡ್ಜಿನ ಮೆಟ್ಟಿಲು ಹತ್ತಲಾಗದು. ಬೆಳಗೊಳದ ಬಯಲಿನಲ್ಲಿ ವಾರವಿಡೀ ಇದರಲ್ಲೇ ಇರುವ ಯೋಚನೆ. ಅಡಿಯಲ್ಲಿ ಗಾಳಿ, ಧೂಳು, ನಾಯಿ ನುಗ್ಗದಂತೆ ಸುತ್ತಲೂ ಒಂದು ಮರೆ ಬೇಕಿತ್ತು, ಬಿಸಿಲಿಗೆ ಟೈರು ಬಿರಿಯದಂತೆ ಚಕ್ರಗಳಿಗೆ ಗೌಸು ಬೇಕಿತ್ತು. ಶುಕ್ರವಾರ ಅಂಗಡಿಯ ಮುಂದೆಯೇ ಗಾಡಿಗೆ ಪೂಜೆ ಮಾಡಿಸಿಕೊಂಡು ಹೋಗುವುದೆಂದು ರಾಯರು ಹೇಳಿದರು.

“ಎಲ್ಡ್ ಡಜನ್ ಸ್ಕ್ರೂ ಸಾ, ಅರ್ಧ ಗಂಟೆ ಕೆಲ್ಸ” ಎಂದ ಬಸವರಾಜು.

ರಾಯರ ಮುಖ ಬಾಡಿತು. “ಗೋಡೆಯ ಒಳಗೆ ತೆಳು ಪ್ಲೈವುಡ್ ಇದೆಯಪ್ಪ. ನೀರು ಕುಡಿದರೆ ಮುಗಿಯಿತು.”

ಪರದೆ ಸರಿಯಿತು. ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

“ಒಂದ್ ತೂತೂ ಇಲ್ದಂಗೆ ನಾನ್ ಮಾಡ್ಕೊಡ್ತೀನಿ ಸಾ.”

“ಮೈದಾ ಅಂಟಾಕಿ ಅಂಟುಸ್ತೀಯಾ?” ಬಸವರಾಜು ನಕ್ಕ.

“ಅದು ನನ್ನ ಕೆಲ್ಸ. ಶುಕ್ರವಾರದ್ ಪೂಜೆ ಒತ್ಗೆ ಆಗ್ದಿದ್ರೆ ಬೋರ್ಡಿನ್ ಮಾತ್ನೇ ಎತ್ತಕಿಲ್ಲ. ಆದ್ರೆ ನನ್ನೆಸ್ರು ಬರ್ಬೇಕು. ಸಾ, ನೀವೇ ಸಾಕ್ಷಿ.”

ಅಂದದ್ದೇನೋ ಅಂದಳು. ಹೇಗೆ ಮಾಡುವುದೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ಗಾಡಿಯ ಸುತ್ತ ಮೂರು ಸಲ ಪ್ರದಕ್ಷಿಣೆ ಬಂದಳು. ಗೋಡೆಯ ಕೆಳಅಂಚಿನಲ್ಲಿ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ. ಎಲ್ಲರೂ ಅದನ್ನು ಶೋಕಿಗೆ ಅಂದುಕೊಂಡಿದ್ದರು. ಕೂದಲಿನ ಪಿನ್ನಿನಿಂದ ಕೆದಕಿದಳು. ಗಟ್ಟಿಯಾದ ಮಣ್ಣು ಉದುರಿ ಒಳಗೆ ಉದ್ದಕ್ಕೂ ಸೀಳಿದ್ದ ಒಂದು ಕೊಳವೆ ಕಂಡಿತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅವಳಿಗೆ ನಗು ಬಂತು. ಲಂಗದ ಸೊಂಟದ ಮಡಿಕೆ, ನೇಫೆ! ನೇಫೆಯೊಳಗೆ ಲಾಡಿ ಓಡುವುದಿಲ್ಲವೇ? ಇಲ್ಲಿ ಬಟ್ಟೆಯ ಅಂಚಿಗೇ ಹುರಿ ತುಂಬಿ ಹೊಲಿದು ತುದಿಯಿಂದ ಕೊಳವೆಗೆ ಓಡಿಸಿದರೆ, ಉಬ್ಬಿದ ಅಂಚು ಸಣ್ಣ ಬಾಯಿಂದ ಹೊರಗೆ ಬರುವ ಹಾಗಿಲ್ಲ.

ಹಳೇ ಬ್ರಷ್ಷಿನಿಂದ ಸೋಪಿನ ನೀರು ಹಾಕಿ ಕೊಳವೆ ತೊಳೆದಳು. ರೆಕ್ಸಿನ್ನಿನ ಅಂಚಿಗೆ ಹತ್ತಿಯ ಹುರಿ ಇಟ್ಟು ಹೊಲಿದಳು. ಬುಧವಾರ ಓಡಿಸಲು ಹೋದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಒದ್ದೆ ಕೊಳವೆಯಲ್ಲಿ ಹತ್ತಿ ನೀರು ಕುಡಿದು ಊದಿತ್ತು. ಜಗ್ಗಿದಳು, ಪರ್ರೆಂದು ಹರಿಯಿತು.

“ಡ್ರಿಲ್ ತರ್ಲಾ?” ಎಂದ ಬಸವರಾಜು, ಟೀ ಹೀರುತ್ತಾ.

ಸಿಟ್ಟಿನಲ್ಲಿ ಅವಳ ಕಣ್ಣಲ್ಲಿ ನೀರೇ ಬಂತು. ಅಳುವುದನ್ನು ಅವನಿಗೆ ತೋರಿಸಲು ಅವಳೇನು ಮರುಳೇ? ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗವನ್ನೇ ಬಿಚ್ಚಿಕೊಂಡು ಬಂದಳು. ಅದು ನೀರು ಕುಡಿಯುವುದಿಲ್ಲ. ರಾತ್ರಿಗೆ ಮುಂಚೆ ಹೊಸದಾಗಿ ಹೊಲಿದು ಮುಗಿಸಿದಳು. ಗುರುವಾರ ಬೆಳಿಗ್ಗೆ ಕೊಳವೆ ಒಣಗಿದ ಮೇಲೆ ಮೋಂಬತ್ತಿ ಉಜ್ಜಿ, ರಾಯರ ಜೊತೆ ನೋಡಲು ಬಂದಿದ್ದ ಸರಸಮ್ಮನನ್ನು ಒಂದು ತುದಿಯಲ್ಲಿ ಸ್ಟೂಲು ಹಾಕಿ ಕೂರಿಸಿ, “ನೀವ್ ಬಟ್ಟೆ ನೆಟ್ಟಗಿಡ್ಕಳಿ ತಾಯಿ” ಎಂದು ತಾನು ಎಳೆದಳು. ಸರ್ರನೆ ಓಡಿತು. ನೆಲಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು, ಗಾಳಿಗೆ ಹಾರದಂತೆ ಕೆಳಗಿನ ಅಂಚಿನಲ್ಲಿ ಮರಳಿನ ಚೀಲ ಹೊಲಿದಿದ್ದಳು.

ಚಕ್ರದ ಗೌಸಿಗೆ ಒಳಗೆ ಹಳೇ ಸೀರೆಯ ಮೆತ್ತನೆ ಅಸ್ತರಿ ಕೊಟ್ಟಳು. ಕೊಕ್ಕೆ ಹಾಕಿದರೆ ಗಾಡಿಯ ಬಣ್ಣ ಕೆರೆಯುತ್ತದೆ, ಆದ್ದರಿಂದ ಹಿಂದಕ್ಕೆ ಲಾಡಿಯ ಗಂಟು. ತೊಡಿಸುವ ಮೊದಲು ಪ್ರತಿ ಸಲ ಧೂಳು ಒರೆಸಬೇಕೆಂದು ರಾಯರಿಗೆ ತಾಕೀತು ಮಾಡಿದಳು. ಧೂಳಿನ ಮೇಲೆ ಬಟ್ಟೆ ಎಳೆದರೆ ಎಮರಿ ಕಾಗದ ಉಜ್ಜಿದ ಹಾಗೆ. ಎಂಜಿನಿಯರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಶುಕ್ರವಾರ ಪೂಜೆ. ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು, ಕುಂಕುಮ ಹಚ್ಚಿ ಕಾಯಿ ಒಡೆದಾಯಿತು. ಎಲ್ಲರೂ ಕೈಮುಗಿದು ನಿಂತಿರುವಾಗ ಬಸವರಾಜು ನಿಂಬೆ-ಮೆಣಸಿನಕಾಯಿಯ ಸರ ಹಿಡಿದು ಗಾಡಿಯ ಮುಂದಕ್ಕೆ ಹೋದ. ಒಂದು ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ. ಕೇಡು ಬಯಸಿ ಅಲ್ಲ, ಪಾಪ. ಎಷ್ಟೋ ಲಾರಿಗಳ ಮರದ ಹಣೆಗೆ ಹೀಗೇ ಹೊಡೆದ ಕೈ ಅದು. ಮೊಳೆ ಇಟ್ಟು ಸುತ್ತಿಗೆ ಎತ್ತಿದ.

ದಾಕ್ಷಾಯಣಮ್ಮ ಓಡಿಹೋಗಿ ಮೊಳೆಗೂ ಗೋಡೆಗೂ ನಡುವೆ ಅಂಗೈ ಇಟ್ಟಳು.

“ಒಡೀರಿ. ಮೊದ್ಲು ನನ್ನ ಕೈಗೆ ಇಳೀಲಿ.”

“ಬುಡೇ, ಪೂಜೆ ಒತ್ನಲ್ಲಿ! ದೃಷ್ಟಿ ಬೀಳ್ತದೆ ಕಣೆ.”

“ದೃಷ್ಟಿ ಒರಗ್ ಬೀಳ್ತದೆ, ನೀರು ಒಳಗ್ ಬೀಳ್ತದೆ. ಯಾವ್ದು ಬೇಕು ಯೋಳಿ.”

ಎತ್ತಿದ ಸುತ್ತಿಗೆ ಎತ್ತಿದಂತೆಯೇ ಉಳಿಯಿತು. ಟೀ ಅಂಗಡಿಯ ಮುಂದಿದ್ದ ಡ್ರೈವರುಗಳೆಲ್ಲ ಲೋಟ ಹಿಡಿದು ನೋಡುತ್ತಿದ್ದರು. ಅವಳು ಕೈ ತೆಗೆಯಲಿಲ್ಲ. ಸುತ್ತಿಗೆಯೇ ಇಳಿಯಿತು. ಅವನ ಕೈಯಿಂದ ಸರ ಇಸಿದುಕೊಂಡು, ಉಳಿದ ಲಾಡಿಯ ತುಂಡಿನಿಂದ ಜೀಪಿನ ಬಂಪರಿಗೆ ಕಟ್ಟಿದಳು. ಸರಸಮ್ಮ, “ಸರಿಯಾಗಿ ಮಾಡಿದೆ ಕಣಮ್ಮ” ಎಂದು ಗಟ್ಟಿಯಾಗಿಯೇ ಹೇಳಿದರು.

ಆಮೇಲೆ ಅವಳು ಮೊಳೆಯನ್ನೂ ಕೇಳಿ ಇಸಿದುಕೊಂಡಳು. ಒಳಗೆ ಹೋಗಿ ಸುರುಳಿ ಸುತ್ತಿಟ್ಟಿದ್ದ ಒಂದು ರೆಕ್ಸಿನ್ ತುಂಡು ತಂದು ಗಂಡನ ಮುಂದೆ ಬಿಡಿಸಿದಳು. ಬಿಳಿಯ ಮೇಲೆ ಕೆಂಪು ದಾರದಲ್ಲಿ, ಮೂರು ಸುತ್ತು ಹೊಲಿದ ದಪ್ಪ ಅಕ್ಷರ: ದಾಕ್ಷಾಯಣಮ್ಮ. ಗುರುವಾರವೇ ಹೊಲಿದಿಟ್ಟಿದ್ದಳು.

“ಒಡೀಲೇಬೇಕು ಅಂದ್ರೆ ಇಲ್ಲಿ ಒಡೀರಿ” ಎಂದು ಮೊಳೆ ವಾಪಸು ಕೊಟ್ಟು ಬೋರ್ಡಿನ ಪಕ್ಕದ ಮರದ ಚೌಕಟ್ಟು ತೋರಿಸಿದಳು.

ಬಸವರಾಜು ರಾಯರ ಮುಖ ನೋಡಿದ, ಡ್ರೈವರುಗಳ ಮುಖ ನೋಡಿದ. ಸ್ಟೂಲು ಎಳೆದುಕೊಂಡು ಹತ್ತಿದ. ಆ ಕೆಲಸಕ್ಕೆಲ್ಲ ಸೇರಿ ಅವನು ಹೊಡೆದ ಮೊಳೆ ಅದೊಂದೇ.